ಮಕ್ಕಳ ದಾರಿ ಕವಲೊಡೆಯಬೇಕಾದದ್ದು ಯಾವಾಗ?

2010ರ ಜುಲೈ 18ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಜನಮತಗಣನೆ ನಡೆಯಿತು. ಪ್ರಶ್ನೆ ಸಣ್ಣದು. ಊರಿನ ಮಕ್ಕಳೆಲ್ಲ ನಾಲ್ಕನೇ ತರಗತಿಯ ತನಕ ಒಟ್ಟಿಗೆ ಓದಿದರೆ ಸಾಕೋ, ಆರನೇ ತರಗತಿಯ ತನಕ ಓದಬೇಕೋ? ಆರನೆಯದರ ತನಕ ಎಂದು ಶಾಸನಸಭೆಯ ಎಲ್ಲ ಪಕ್ಷಗಳೂ ಒಪ್ಪಿದ್ದವು. ಬಲಪಂಥೀಯರು, ಹಸಿರು ಪಕ್ಷದವರು, ಎಡಪಂಥೀಯರು ಒಂದೇ ಮಾತು ಆಡುವುದು ಅಪರೂಪ. ಆದರೂ ಮತದಾರರು ಬೇಡವೆಂದರು. ಸುಧಾರಣೆಯಿಂದ ಹೆಚ್ಚು ಲಾಭವಾಗಬೇಕಿದ್ದ ಬಡ ಬಡಾವಣೆಗಳಲ್ಲಿ ಮತ ಹಾಕಲು ಬಂದವರೇ ಕಡಿಮೆ. ಅಲ್ಲಿನ ಅನೇಕ ವಲಸಿಗ ತಾಯಿತಂದೆಯರಿಗೆ ಮತದ ಹಕ್ಕೇ ಇರಲಿಲ್ಲ. ಅನುಕೂಲಸ್ಥರ ಬಡಾವಣೆಗಳಲ್ಲಿ ಮಾತ್ರ ಜನ ಮತಗಟ್ಟೆಗೆ ಹೆಚ್ಚಾಗಿ ಬಂದಿದ್ದರು.

ಪ್ರೌಢಶಿಕ್ಷಣದ ಸುಧಾರಣೆ ಎಂದರೆ ಪಠ್ಯಪುಸ್ತಕ, ಪರೀಕ್ಷೆ, ಶಿಕ್ಷಕರ ನೇಮಕಾತಿ ಎಂದು ನಾವು ಭಾವಿಸುತ್ತೇವೆ. ಆದರೆ ನೂರು ವರ್ಷಗಳಿಂದ ಸರ್ಕಾರಗಳನ್ನು ಅಲುಗಾಡಿಸಿದ್ದು ಇವಕ್ಕಿಂತ ಮೂಲದ ಒಂದು ಪ್ರಶ್ನೆ. ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ, ಆ ಮೂಲಕ ಬೇರೆ ಬೇರೆ ಬದುಕುಗಳಿಗೆ ಕಳಿಸುವ ನಿರ್ಧಾರವನ್ನು ಯಾವ ವಯಸ್ಸಿನಲ್ಲಿ, ಯಾರು, ಯಾವ ಆಧಾರದ ಮೇಲೆ ಮಾಡಬೇಕು? ಈ ವಿವಾದದ ಇತಿಹಾಸ, ಅದರ ಸುತ್ತ ಬೆಳೆದ ವಾದಗಳು ಮತ್ತು ಉಳಿದಿರುವ ತೊಡಕುಗಳ ಸಮೀಕ್ಷೆ ಇಲ್ಲಿದೆ.

ಇಂಗ್ಲೆಂಡ್: ಹನ್ನೊಂದರ ಪರೀಕ್ಷೆ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುತೇಕ ದೇಶಗಳಲ್ಲಿ ಪ್ರೌಢಶಿಕ್ಷಣ ಕೆಲವರ ಸೊತ್ತಾಗಿತ್ತು. ಬಡವರ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಹದಿಮೂರು, ಹದಿನಾಲ್ಕರ ತನಕ ಕುಳಿತು ಕೆಲಸಕ್ಕೆ ಹೋಗುತ್ತಿದ್ದರು. ಎಲ್ಲರಿಗೂ ಉಚಿತ ಪ್ರೌಢಶಿಕ್ಷಣವೆಂದು ಇಂಗ್ಲೆಂಡ್ ಒಪ್ಪಿದ್ದು ಶಿಕ್ಷಣ ಸಚಿವ ಬಟ್ಲರ್ ತಂದ 1944ರ ಕಾಯ್ದೆಯಿಂದ. ಎಲ್ಲರಿಗೂ ಒಂದೇ ಬಗೆಯ ಶಾಲೆ ಎಂದು ಕಾಯ್ದೆ ಹೇಳಲಿಲ್ಲ. ಹಿಂದಿನ ವರ್ಷವಷ್ಟೇ ನಾರ್ವುಡ್ ಸಮಿತಿಯ ವರದಿ ಮಕ್ಕಳಲ್ಲಿ ಮೂರು ಬಗೆಯ ಮನಸ್ಸುಗಳಿವೆ ಎಂದಿತ್ತು: ವಿದ್ಯೆಗಾಗಿಯೇ ವಿದ್ಯೆಯನ್ನು ಪ್ರೀತಿಸುವವರು, ಯಂತ್ರಗಳಲ್ಲಿ ಕೈ ಪಳಗುವವರು, ಕಣ್ಣಿಗೆ ಕಾಣುವ ವಸ್ತುಗಳಲ್ಲಷ್ಟೇ ಮನಸ್ಸು ನಿಲ್ಲುವವರು. ಅದಕ್ಕೆ ತಕ್ಕಂತೆ ಗ್ರಾಮರ್, ಟೆಕ್ನಿಕಲ್, ಸೆಕೆಂಡರಿ ಮಾಡರ್ನ್ ಎಂಬ ಮೂರು ಶಾಲೆಗಳು. ಯಾವ ಮಗು ಎಲ್ಲಿಗೆ ಎಂಬುದನ್ನು ಹನ್ನೊಂದನೇ ವಯಸ್ಸಿನ ಪರೀಕ್ಷೆ, ಅಂದರೆ 'ಇಲೆವೆನ್ ಪ್ಲಸ್', ಹೇಳುತ್ತಿತ್ತು.

ತಾಂತ್ರಿಕ ಶಾಲೆಗಳು ಬೇರೂರಲೇ ಇಲ್ಲ. ಉಳಿದದ್ದು ಎರಡೇ ದಾರಿ. ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು ಗ್ರಾಮರ್ ಶಾಲೆಗೆ ಹೋದರೆ ಮಿಕ್ಕವರ ಹಣೆಗೆ ಹನ್ನೊಂದರಲ್ಲೇ ಸೋಲಿನ ಮುದ್ರೆ. ಈ ವ್ಯವಸ್ಥೆಗೆ ಮೊದಲು ಮುನಿದವರು ಕಾರ್ಮಿಕರಷ್ಟೇ ಅಲ್ಲ, ಪರೀಕ್ಷೆಯಲ್ಲಿ ಸೋತ ಮಧ್ಯಮವರ್ಗದ ಮಕ್ಕಳ ಹೆತ್ತವರು ಕೂಡ. 1957ರಲ್ಲಿ ಲೆಸ್ಟರ್‌ಶೈರ್ ಎಂಬ ಕೌಂಟಿ ಎಲ್ಲ ಮಕ್ಕಳನ್ನೂ ಒಂದೇ ಶಾಲೆಗೆ ಸೇರಿಸುವ ಪ್ರಯೋಗಕ್ಕೆ ಕೈಹಾಕಿತು. 1965ರ ಜುಲೈನಲ್ಲಿ ಲೇಬರ್ ಸರ್ಕಾರದ ಶಿಕ್ಷಣ ಸಚಿವ ಆಂಟನಿ ಕ್ರಾಸ್‌ಲ್ಯಾಂಡ್ 10/65 ಸಂಖ್ಯೆಯ ಸುತ್ತೋಲೆ ಹೊರಡಿಸಿ, ಆಯ್ಕೆ ಪರೀಕ್ಷೆ ಇಲ್ಲದ 'ಕಾಂಪ್ರಹೆನ್ಸಿವ್' ಶಾಲೆಗಳ ಯೋಜನೆ ಸಲ್ಲಿಸುವಂತೆ ಸ್ಥಳೀಯ ಸಂಸ್ಥೆಗಳನ್ನು ಕೋರಿದರು. ಕೋರಿಕೆಯೇ ಹೊರತು ಆಜ್ಞೆಯಲ್ಲ. 1970ರಲ್ಲಿ ಬಂದ ಕನ್ಸರ್ವೇಟಿವ್ ಸಚಿವೆ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡರು. ಆದರೂ ಅವರ ನಾಲ್ಕು ವರ್ಷಗಳಲ್ಲಿ ಒಪ್ಪಿಗೆ ಪಡೆದಷ್ಟು ಕಾಂಪ್ರಹೆನ್ಸಿವ್ ಶಾಲೆಗಳು ಬೇರೆ ಯಾವ ಸಚಿವರ ಕಾಲದಲ್ಲೂ ಪಡೆಯಲಿಲ್ಲ. ಆ ಸಚಿವೆ ಮಾರ್ಗರೆಟ್ ಥ್ಯಾಚರ್. ಸ್ಥಳೀಯ ಸಂಸ್ಥೆಗಳು ಹಿಡಿದ ಹಾದಿ ಲಂಡನ್ನಿನ ಸುತ್ತೋಲೆಗಿಂತ ಬಲವಾಗಿತ್ತು. ಕಾಯ್ದೆಯ ಬಲವಿಲ್ಲದೆ ನಡೆದ ಸುಧಾರಣೆ ಅರೆಬರೆಯಾಗಿ ನಿಂತಿತು ಎಂಬುದೂ ನಿಜ. ಕೆಂಟ್‌ನಂಥ ಕಡೆ ಪರೀಕ್ಷೆ ಇಂದಿಗೂ ಇದೆ, ಇಂಗ್ಲೆಂಡಿನಲ್ಲಿ 163 ಗ್ರಾಮರ್ ಶಾಲೆಗಳು ಉಳಿದಿವೆ.

ಉತ್ತರದ ದೇಶಗಳು: ನಿಧಾನದ ಒಪ್ಪಂದ

ಸ್ವೀಡನ್ ಬೇರೆ ದಾರಿ ಹಿಡಿಯಿತು. 1950ರಲ್ಲಿ ಅಲ್ಲಿನ ಸಂಸತ್ತು ಒಂಬತ್ತು ವರ್ಷಗಳ ಸಮಾನ ಶಾಲೆಯನ್ನು ಪ್ರಯೋಗವಾಗಿ ಒಪ್ಪಿಕೊಂಡಿತು. ಮುನಿಸಿಪಾಲಿಟಿಗಳು ಒಂದೊಂದಾಗಿ ಸೇರಿಕೊಂಡವು. 1962ರಲ್ಲಿ ಅದೇ ದೇಶದ ಕಾನೂನಾಯಿತು.

ಫಿನ್ಲೆಂಡ್ ತಡವಾಗಿ ಹೊರಟಿತು. 1968ರ ಕಾಯ್ದೆಯನ್ನು 1972ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡ್‌ನಿಂದ ಜಾರಿಗೊಳಿಸುತ್ತ 1977ಕ್ಕೆ ರಾಜಧಾನಿ ಹೆಲ್ಸಿಂಕಿಯ ಭಾಗಕ್ಕೆ ತಲುಪಿಸಿತು. ಹಿಂದುಳಿದ ಹಳ್ಳಿಗಾಡಿಗೆ ಮೊದಲು, ವಿರೋಧ ಹೆಚ್ಚಿದ್ದ ನಗರಕ್ಕೆ ಕೊನೆಗೆ: ಈ ಕ್ರಮದಲ್ಲೇ ರಾಜಕೀಯ ಜಾಣ್ಮೆ ಇತ್ತು. ಒಂದೇ ಶಾಲೆಯೊಳಗೆ ಗಣಿತ ಮತ್ತು ಭಾಷೆಗಳಿಗೆ ಮಾಡಿದ್ದ ಜಾಣ, ಸಾಧಾರಣ ಗುಂಪುಗಳನ್ನು ಕೂಡಲೇ ತೆಗೆಯಲಿಲ್ಲ. ಅವು ಹೋದದ್ದು 1985ರಲ್ಲಿ. ಅಷ್ಟರಲ್ಲಿ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯಗಳಿಗೆ ಹೋಗಿ, ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಕಡ್ಡಾಯವಾಗಿತ್ತು. ಎಲ್ಲ ಬಗೆಯ ಮಕ್ಕಳೂ ಇರುವ ತರಗತಿಯನ್ನು ನಿಭಾಯಿಸಬಲ್ಲ ಶಿಕ್ಷಕರು ಸಿದ್ಧರಾದ ಮೇಲೆ ಗುಂಪುಗಳು ಹೋದವು.

ಜರ್ಮನಿ: ಕದಲದ ಜಿಮ್ನಾಸಿಯಂ

ಸುಧಾರಣೆಯ ಒತ್ತಡ ಜರ್ಮನಿಯ ಮೇಲೂ ಇತ್ತು. ಅಲ್ಲಿ ಪ್ರಾಥಮಿಕ ಶಾಲೆಯ ನಂತರ ಮಕ್ಕಳು ಮೂರು ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಿದ್ದರು, ಅವುಗಳಲ್ಲಿ ಮೇಲಿನದು ವಿಶ್ವವಿದ್ಯಾಲಯಕ್ಕೆ ಒಯ್ಯುವ ಜಿಮ್ನಾಸಿಯಂ. ಯುದ್ಧದಲ್ಲಿ ಗೆದ್ದ ಮಿತ್ರರಾಷ್ಟ್ರಗಳೇ 1947ರಲ್ಲಿ ಮಕ್ಕಳನ್ನು ಚಿಕ್ಕಂದಿನಲ್ಲಿ ಬೇರ್ಪಡಿಸಬೇಡಿ ಎಂದು ನಿರ್ದೇಶನ ಕೊಟ್ಟಿದ್ದವು. ಬವೇರಿಯಾದ ಕ್ಯಾಥೊಲಿಕ್ ಶಿಕ್ಷಣ ಸಚಿವ ಅಲೋಯಿಸ್ ಹುಂಡ್‌ಹಮರ್ ಜಗ್ಗಲಿಲ್ಲ. ಶಿಕ್ಷಣ ರಾಜ್ಯಗಳ ವಿಷಯವಾದ್ದರಿಂದ ಪ್ರತಿ ರಾಜ್ಯದಲ್ಲೂ ಹೊಸ ಕದನ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ ಎಲ್ಲರಿಗೂ ಹತ್ತು ವರ್ಷಗಳ ಒಂದೇ ಶಾಲೆ ತಂದದ್ದು ಪಶ್ಚಿಮದ ಸುಧಾರಕರಿಗೆ ಶಾಪವಾಯಿತು. ಒಂದೇ ಶಾಲೆ ಎಂದವರಿಗೆಲ್ಲ ಆ ಕಡೆಯವರೆಂಬ ಹಣೆಪಟ್ಟಿ ಬಿತ್ತು. 1978ರಲ್ಲಿ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಮೂರು ಬಗೆಯ ಶಾಲೆಗಳನ್ನು ಒಂದೇ ಆವರಣಕ್ಕೆ ತರುವ ಯೋಜನೆಯ ವಿರುದ್ಧ ಮೂವತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು, ಸರ್ಕಾರ ಯೋಜನೆ ಕೈಬಿಟ್ಟಿತು.

2001ರ ಕೊನೆಗೆ ಬಂದ ಪಿಸಾ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯ ಫಲಿತಾಂಶದಲ್ಲಿ ಜರ್ಮನಿ ಸರಾಸರಿಗಿಂತ ಕೆಳಗಿತ್ತು. ಮನೆಯ ಅಂತಸ್ತಿಗೂ ಮಗುವಿನ ಅಂಕಕ್ಕೂ ಇರುವ ನಂಟು ಅಲ್ಲಿ ಬಹಳ ಬಿಗಿ ಎಂದೂ ಬಯಲಾಯಿತು. ಆಮೇಲೆ ಹಲವು ರಾಜ್ಯಗಳು ಕೆಳಗಿನ ಎರಡು ಬಗೆಯ ಶಾಲೆಗಳನ್ನು ಒಂದುಗೂಡಿಸಿದವು. ಮೇಲಿನ ಜಿಮ್ನಾಸಿಯಂ ಮಾತ್ರ ಹಾಗೇ ಉಳಿಯಿತು. ಹ್ಯಾಂಬರ್ಗ್ ಕೂಡ ಅಲ್ಲಿಗೇ ಬಂದು ನಿಂತಿದೆ. ಅಲ್ಲಿ ಈಗ ಇರುವುದು ಎರಡು ಬಗೆಯ ಶಾಲೆ, ಎರಡರಿಂದಲೂ ವಿಶ್ವವಿದ್ಯಾಲಯಕ್ಕೆ ದಾರಿ ಉಂಟು.

ವಿವರಣೆಯ ನಾಲ್ಕು ಪಂಥಗಳು

ಒಂದು ದೇಶದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಏಕೆ ಸೋತಿತು? ಇದಕ್ಕೆ ವಿದ್ವಾಂಸರು ಕೊಡುವ ಉತ್ತರಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸಾಮರ್ಥ್ಯವಾದ. ಮಕ್ಕಳ ಬುದ್ಧಿ ಹುಟ್ಟಿನಿಂದಲೇ ಬೇರೆ ಬೇರೆ, ಅದನ್ನು ಅಳೆಯಬಹುದು, ಅಳತೆಗೆ ತಕ್ಕ ಶಾಲೆ ಕೊಡುವುದೇ ನ್ಯಾಯ ಎನ್ನುತ್ತದೆ ಇದು. ಇಂಗ್ಲೆಂಡಿನಲ್ಲಿ ಈ ವಾದಕ್ಕೆ ಬಲ ಕೊಟ್ಟವರು ಮನಶ್ಶಾಸ್ತ್ರಜ್ಞ ಸಿರಿಲ್ ಬರ್ಟ್. ಅವರು ತೀರಿಕೊಂಡ ಮೇಲೆ, ಬರ್ಟ್ ಅವರ ಅವಳಿ ಮಕ್ಕಳ ಅಂಕಿಅಂಶಗಳು ನಂಬಲರ್ಹವಲ್ಲ ಎಂದು 1974ರಲ್ಲಿ ಲಿಯೋನ್ ಕಾಮಿನ್ ತೋರಿಸಿದರು. 1979ರ ಜೀವನಚರಿತ್ರೆ ಅವು ಕಟ್ಟಿದ ಲೆಕ್ಕಗಳೆಂದೇ ಹೇಳಿತು. ಬರ್ಟ್ ಪರ ವಾದಿಸುವವರು ನಂತರವೂ ಇದ್ದರು. ಆದರೆ ಈ ಪಂಥವನ್ನು ಒಬ್ಬ ವ್ಯಕ್ತಿಯ ತಪ್ಪಿನಿಂದ ತಳ್ಳಿಹಾಕಲಾಗದು. ಬಡವರ ಮನೆಯ ಪ್ರತಿಭಾವಂತ ಮಗುವಿಗೆ ಏಣಿ ಬೇಡವೇ ಎಂಬ ಅದರ ಪ್ರಶ್ನೆ ಇಂದಿಗೂ ಬಹಳ ಹೆತ್ತವರ ಪ್ರಶ್ನೆ. ಆ ಏಣಿ ಹತ್ತುವವರಲ್ಲಿ ಹೆಚ್ಚಿನವರು ಉಳ್ಳವರ ಮಕ್ಕಳೇ ಏಕೆ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ.

ಅಲ್ಲಿಗೆ ಬರುತ್ತದೆ ಎರಡನೆಯ ಪಂಥ. ಫ್ರಾನ್ಸಿನ ಪಿಯರ್ ಬೊರ್ದಿಯೊ ಮತ್ತು ಜಾನ್-ಕ್ಲೋದ್ ಪಾಸೆರೋನ್ 1970ರಲ್ಲಿ, ಅಮೆರಿಕದ ಸ್ಯಾಮ್ಯುಯಲ್ ಬೌಲ್ಸ್ ಮತ್ತು ಹರ್ಬರ್ಟ್ ಗಿಂಟಿಸ್ 1976ರಲ್ಲಿ ಬೇರೆ ಬೇರೆ ಬಗೆಯಲ್ಲಿ ಇದನ್ನು ಮಂಡಿಸಿದರು. ಶಾಲೆ ಪ್ರತಿಭೆಯನ್ನು ಗುರುತಿಸುವುದಕ್ಕಿಂತ ಮನೆಯಿಂದ ಬಂದ ಮಾತು, ಓದು, ನಡೆನುಡಿಯನ್ನೇ ಪ್ರತಿಭೆಯೆಂದು ಎಣಿಸಿ ಹಳೆಯ ಶ್ರೇಣಿಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ ಎಂಬುದು ಇವರ ನಿಲುವು. ಹ್ಯಾಂಬರ್ಗ್‌ನಲ್ಲಿ ಯಾರು ಮತ ಹಾಕಿದರು ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಶ್ರೇಣಿ ಅಷ್ಟು ಗಟ್ಟಿಯಾಗಿದ್ದರೆ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಸುಧಾರಣೆ ನಡೆದದ್ದು ಹೇಗೆ ಎಂದು ಕೇಳಿದರೆ ತಡವರಿಸುತ್ತದೆ.

ಆ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಮೂರನೆಯ, ಮೈತ್ರಿಗಳ ಪಂಥ. ಸುಸಾನ್ನೆ ವಿಬೋರ್ಗ್, ಕಟರೀನಾ ಸಾಸ್ ಮುಂತಾದವರು ನಾರ್ಡಿಕ್ ದೇಶಗಳನ್ನು ಬ್ರಿಟನ್, ಜರ್ಮನಿಗಳೊಡನೆ ಹೋಲಿಸಿ ನೋಡಿದ್ದಾರೆ. ಸುಧಾರಣೆ ಗೆದ್ದಲ್ಲೆಲ್ಲ ಕಾರ್ಮಿಕರ ಪಕ್ಷದ ಜೊತೆಗೆ ಸಣ್ಣ ರೈತರ ಮತ್ತು ಉದಾರವಾದಿಗಳ ಪಕ್ಷಗಳಿದ್ದವು ಎಂಬುದು ಇಂಥ ಹೋಲಿಕೆಗಳಿಂದ ಕಾಣುತ್ತದೆ. ರೈತರಿಗೆ ಬೇಕಿದ್ದದ್ದು ಸಮಾನತೆಯ ಸಿದ್ಧಾಂತಕ್ಕಿಂತ ತಮ್ಮ ಊರಿನ ಹತ್ತಿರ ಒಂದು ಒಳ್ಳೆಯ ಪ್ರೌಢಶಾಲೆ. ಜರ್ಮನಿಯಲ್ಲಿ ಹಳ್ಳಿಯ ಕ್ಯಾಥೊಲಿಕ್ ಮತದಾರರು ಧರ್ಮದ ಕಾರಣಕ್ಕೆ ಸಂಪ್ರದಾಯವಾದಿ ಪಕ್ಷದ ಜೊತೆಗಿದ್ದರು, ಅವರ ಬೆಂಬಲ ಸುಧಾರಕರಿಗೆ ಸಿಗಲಿಲ್ಲ.

ನಾಲ್ಕನೆಯದು ಸಂಸ್ಥೆಗಳ ಪಂಥ. ಒಮ್ಮೆ ಕಟ್ಟಿದ ವ್ಯವಸ್ಥೆ ತನ್ನ ರಕ್ಷಕರನ್ನು ತಾನೇ ಬೆಳೆಸುತ್ತದೆ ಎಂದು ಇದು ಹೇಳುತ್ತದೆ. ಜರ್ಮನಿಯಲ್ಲಿ ಜಿಮ್ನಾಸಿಯಂ ಶಿಕ್ಷಕರಿಗೆ ಬೇರೆಯದೇ ತರಬೇತಿ, ಬೇರೆಯದೇ ಸಂಘ, ಬೇರೆಯದೇ ಮನ್ನಣೆ ಇತ್ತು. ಶಾಲೆಗಳನ್ನು ಬೆರೆಸುವುದೆಂದರೆ ಅವರ ವೃತ್ತಿಯನ್ನೇ ಬೆರೆಸಿದಂತೆ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಸಚಿವರ ಪಕ್ಷವನ್ನು ಲೆಕ್ಕಿಸದೆ ಶುರುಮಾಡಿದ ಕೆಲಸ ಮುಂದುವರಿಸಿದ್ದಕ್ಕೂ ಈ ಪಂಥದಲ್ಲಿ ವಿವರಣೆಯಿದೆ.

ಅಳತೆಗೆ ಸಿಕ್ಕದ್ದು ಏನು?

ಇಷ್ಟೆಲ್ಲ ಕಾದಾಡಿದ ಮೇಲೆ ಮಕ್ಕಳಿಗೆ ಸಿಕ್ಕಿದ್ದೇನು? ಸ್ವೀಡನ್‌ನಲ್ಲಿ ಸುಧಾರಣೆ ಊರಿಂದೂರಿಗೆ ಬೇರೆ ಬೇರೆ ವರ್ಷ ತಲುಪಿದ್ದರಿಂದ ಹೋಲಿಕೆ ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞರಾದ ಕೋಸ್ಟಾಸ್ ಮೆಗೀರ್ ಮತ್ತು ಮಾರ್ಟೆನ್ ಪಾಲ್ಮೆ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೆಚ್ಚು ಓದಿರದ ತಂದೆಯರ ಮಕ್ಕಳು ಹೆಚ್ಚು ಓದಿದರು, ಹೆಚ್ಚು ಗಳಿಸಿದರು. ಓದಿದ ತಂದೆಯರ ಮಕ್ಕಳ ಗಳಿಕೆ ಒಂದಿಷ್ಟು ಇಳಿಯಿತು. ಫಿನ್ಲೆಂಡಿನ ಬಗ್ಗೆ 2009ರಲ್ಲಿ ಬಂದ ಅಧ್ಯಯನ, ತಂದೆಯ ಆದಾಯಕ್ಕೂ ಮಗನ ಆದಾಯಕ್ಕೂ ಇರುವ ನಂಟು ಸುಧಾರಣೆಯಿಂದ ಶೇ 23ರಷ್ಟು ಸಡಿಲವಾಯಿತು ಎಂದಿತು. ಬೇಗ ಬೇರ್ಪಡಿಸುವ ದೇಶಗಳಲ್ಲಿ ಕಲಿಕೆಯ ಅಸಮಾನತೆ ಹೆಚ್ಚು ಎಂಬ ನಿರ್ಣಯಕ್ಕೆ ಎರಿಕ್ ಹನುಶೆಕ್ ಮತ್ತು ಲೂಡ್ಗರ್ ವೋಸ್‌ಮಾನ್ 2006ರಲ್ಲಿ ಹಲವು ದೇಶಗಳ ಅಂಕಿಅಂಶಗಳಿಂದ ಬಂದರು.

ಇಂಗ್ಲೆಂಡಿನ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಗ್ರಾಮರ್ ಶಾಲೆಗಳನ್ನು ಮೊದಲು ಬಿಟ್ಟ ಊರುಗಳು ಬಡ ಊರುಗಳಾಗಿದ್ದವು. ಆದ್ದರಿಂದ ಬರಿಯ ಫಲಿತಾಂಶ ಹೋಲಿಸಿದರೆ ಮೋಸಹೋಗುತ್ತೇವೆ. ಅಲನ್ ಮ್ಯಾನಿಂಗ್ ಮತ್ತು ಯೋರ್ನ್-ಸ್ಟೆಫೆನ್ ಪಿಶ್ಕೆ ಅವರು ಅದೇ ಮಕ್ಕಳ ಏಳರಿಂದ ಹನ್ನೊಂದನೇ ವಯಸ್ಸಿನ ತನಕದ ಪ್ರಗತಿಯನ್ನು ನೋಡಿದಾಗ, ಗ್ರಾಮರ್ ಶಾಲೆ ಬಿಟ್ಟ ಊರುಗಳಿಗೂ ಉಳಿಸಿಕೊಂಡ ಊರುಗಳಿಗೂ ನಡುವಿನ ಅಂತರ ಪ್ರೌಢಶಾಲೆ ಸೇರುವ ಮುನ್ನವೇ ಕಾಣಿಸಿತು. ಹಾಗಾದರೆ ಅದಕ್ಕೆ ಪ್ರೌಢಶಾಲೆ ಕಾರಣವಲ್ಲ. ಪೋಲೆಂಡ್ ಇನ್ನೊಂದು ಪಾಠ. ಅದು 1999ರಲ್ಲಿ ಬೇರ್ಪಡಿಕೆಯನ್ನು ಒಂದು ವರ್ಷ ಮುಂದೂಡಿತು, ಪಿಸಾ ಅಂಕಗಳು ಏರಿದವು. 2017ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಆ ರಚನೆಯನ್ನು ಕಿತ್ತು ಹಳೆಯದಕ್ಕೆ ಮರಳಿತು. ಒಳ್ಳೆಯ ಫಲಿತಾಂಶ ಬಂದರೆ ಸುಧಾರಣೆ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಮುಂಬಾಗಿಲು ಮುಚ್ಚಿದರೆ

ಆಯ್ಕೆಯನ್ನು ರದ್ದು ಮಾಡಿದ ದೇಶಗಳಲ್ಲಿ ಅದು ನಿಜಕ್ಕೂ ಹೋಯಿತೇ? ಸಮಾನ ಶಾಲೆಯ ಪರ ಇರುವವರೂ ಅಳುಕುವುದು ಈ ಪ್ರಶ್ನೆಗೆ.

ದಕ್ಷಿಣ ಕೊರಿಯಾದಲ್ಲಿ ಪಾರ್ಕ್ ಚುಂಗ್-ಹೀ ಅವರ ಸರ್ವಾಧಿಕಾರಿ ಸರ್ಕಾರ 1969ರಿಂದ ಮಿಡ್ಲ್ ಸ್ಕೂಲ್ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿತು. 1974ರಲ್ಲಿ ಸಿಯೋಲ್ ಮತ್ತು ಬುಸಾನ್‌ಗಳಿಂದ ಶುರುಮಾಡಿ ಹೈಸ್ಕೂಲುಗಳಿಗೂ ಲಾಟರಿಯ ಮೂಲಕ ಮಕ್ಕಳನ್ನು ಹಂಚಿತು. ಸ್ಪರ್ಧೆ ಮನೆಪಾಠಕ್ಕೆ, ಒಳ್ಳೆಯ ಶಾಲೆಗಳಿರುವ ಬಡಾವಣೆಗಳ ಮನೆಗಳಿಗೆ ಹೊರಳಿತು. 1980ರಲ್ಲಿ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಲಾಯಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಉತ್ತರ ಐರ್ಲೆಂಡಿನಲ್ಲಿ ಸರ್ಕಾರಿ ಆಯ್ಕೆ ಪರೀಕ್ಷೆ 2008ಕ್ಕೆ ಕೊನೆಯಾದಾಗ ಗ್ರಾಮರ್ ಶಾಲೆಗಳು ತಮ್ಮದೇ ಪರೀಕ್ಷೆ ಶುರುಮಾಡಿದವು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಮಕ್ಕಳಿಗೆ ಒಂದರ ಬದಲು ಎರಡು ಪರೀಕ್ಷೆಗಳು, ಕ್ಯಾಥೊಲಿಕ್ ಶಾಲೆಗಳದು ಹೆಚ್ಚಾಗಿ ಒಂದು, ಮಿಕ್ಕವರದು ಇನ್ನೊಂದು. ಸ್ವೀಡನ್‌ನಲ್ಲೇ 1992ರಿಂದ ಸರ್ಕಾರದ ಹಣದಲ್ಲಿ ಖಾಸಗಿ ಶಾಲೆ ಆರಿಸಿಕೊಳ್ಳುವ ಅವಕಾಶ ಬಂತು. ಶಾಲೆಗಳು ಲಾಭ ಮಾಡಬಹುದೇ, ಮಕ್ಕಳು ಮತ್ತೆ ಬೇರೆಯಾಗುತ್ತಿದ್ದಾರೆಯೇ ಎಂಬುದು ಈಗ ಅಲ್ಲಿನ ಚುನಾವಣೆಗಳ ವಿಷಯ.

ಇದರಿಂದ ಸುಧಾರಣೆ ವ್ಯರ್ಥವೆಂದಾಗುವುದಿಲ್ಲ. ಹನ್ನೊಂದರಲ್ಲಿ ಸರ್ಕಾರವೇ ಮಗುವನ್ನು ದಡ್ಡನೆಂದು ಘೋಷಿಸುವುದಕ್ಕೂ, ಹಣವಿದ್ದವರು ಬೇರೆ ಬಡಾವಣೆಗೆ ಹೋಗುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಕಾನೂನು ತಡೆಯಬಲ್ಲದು, ಎರಡನೆಯದನ್ನು ತಡೆಯುವುದು ಕಷ್ಟ.

ಭಾರತ: ಒಂದೇ ಪಠ್ಯ, ಹತ್ತು ಬಗೆಯ ಶಾಲೆ

ಇಂಗ್ಲೆಂಡಿನ ಯೋಚನೆ ನಮ್ಮಲ್ಲಿಗೂ ಬಂದಿತ್ತು. 1944ರ ಸಾರ್ಜೆಂಟ್ ವರದಿ ಐದು ಮಕ್ಕಳಲ್ಲಿ ಒಬ್ಬರನ್ನು ಆರಿಸಿ ಹೈಸ್ಕೂಲಿಗೆ ಕಳಿಸಲು ಹೇಳಿತ್ತು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ 1952-53ರ ಆಯೋಗ ಕೃಷಿ, ವಾಣಿಜ್ಯ, ತಾಂತ್ರಿಕ ಮುಂತಾದ ಏಳು ವಿಭಾಗಗಳಿರುವ ಬಹುಉದ್ದೇಶ ಶಾಲೆಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗ ಇದನ್ನು ಬದಲಿಸಿತು. ಹತ್ತನೇ ತರಗತಿಯ ತನಕ ಎಲ್ಲರಿಗೂ ಒಂದೇ ಸಾಮಾನ್ಯ ಪಠ್ಯ, ಕವಲು ಆಮೇಲೆ ಎಂದಿತು. ಹಾಗಾಗಿ ಕಾಗದದ ಮೇಲೆ ಭಾರತ ಜರ್ಮನಿಗಿಂತ ಸಮಾನ. ನಮ್ಮ ಮಗುವಿನ ದಾರಿ ಅಧಿಕೃತವಾಗಿ ಒಡೆಯುವುದು ಎಸ್ಸೆಸ್ಸೆಲ್ಸಿ ಆದಮೇಲೆ, ಪಿಯುಸಿ, ಡಿಪ್ಲೊಮಾ, ಐಟಿಐ ಎಂದು.

ಆದರೆ ಕೊಠಾರಿ ಆಯೋಗ ಕೇಳಿದ ಇನ್ನೊಂದು ಅರ್ಧವೂ ಇತ್ತು: ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ವ್ಯವಸ್ಥೆ. 1968ರ ರಾಷ್ಟ್ರೀಯ ನೀತಿ ಅದನ್ನು ಒಪ್ಪಿತು, ಯಾವ ಸರ್ಕಾರವೂ ಜಾರಿ ಮಾಡಲಿಲ್ಲ. ಮುಚಕುಂದ್ ದುಬೆ ನೇತೃತ್ವದ ಆಯೋಗ 2007ರಲ್ಲಿ ಬಿಹಾರಕ್ಕೆ ಇಂಥ ವ್ಯವಸ್ಥೆಯ ನಕ್ಷೆಯನ್ನೇ ಬರೆದುಕೊಟ್ಟರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಯುರೋಪಿನಲ್ಲಿ ಮಕ್ಕಳನ್ನು ಬೇರ್ಪಡಿಸಿದ್ದು ಪರೀಕ್ಷೆ. ಇಲ್ಲಿ ಶುಲ್ಕ, ಮಾಧ್ಯಮ ಮತ್ತು ಬೋರ್ಡು. ಅದೂ ಹನ್ನೊಂದರಲ್ಲಲ್ಲ, ಎಲ್‌ಕೆಜಿಯಲ್ಲಿ.

ಬೋರ್ಡುಗಳನ್ನು ಒಂದು ಮಾಡಲು ಹೊರಟ ತಮಿಳುನಾಡಿನ ಕಥೆ ಇಲ್ಲಿ ಮುಖ್ಯ. ಡಿಎಂಕೆ ಸರ್ಕಾರ 2010ರಲ್ಲಿ ರಾಜ್ಯದ ನಾಲ್ಕು ಬಗೆಯ ಪಠ್ಯಗಳನ್ನು 'ಸಮಚ್ಚೀರ್ ಕಲ್ವಿ' ಎಂಬ ಒಂದೇ ಪಠ್ಯಕ್ಕೆ ತಂದಿತು. 2011ರಲ್ಲಿ ಜಯಲಲಿತಾ ಸರ್ಕಾರ ತಡೆಯಲು ನೋಡಿತು. ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಜಾರಿ ಮಾಡಲೇಬೇಕೆಂದಿತು. ಆಮೇಲೆ ಅನೇಕ ಖಾಸಗಿ ಶಾಲೆಗಳು ಸಿಬಿಎಸ್‌ಇ ಕಡೆಗೆ ನಡೆದವು.

ಇನ್ನೊಂದು ದಿಕ್ಕಿನಲ್ಲಿ ಸರ್ಕಾರವೇ ಆರಿಸುತ್ತದೆ. 1986ರ ನೀತಿಯಿಂದ ಹುಟ್ಟಿದ ನವೋದಯ ವಿದ್ಯಾಲಯಗಳು ಆರನೇ ತರಗತಿಗೆ ಪರೀಕ್ಷೆಯ ಮೂಲಕ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ, ಕನಿಷ್ಠ ಮುಕ್ಕಾಲು ಪಾಲು ಸೀಟು ಗ್ರಾಮೀಣರಿಗೆ. ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳದೂ ಆರನೇ ತರಗತಿಗೆ ಇಂಥದೇ ಪ್ರವೇಶ ಪರೀಕ್ಷೆ, ಅದರ ಜೊತೆ ಮೀಸಲಾತಿ. ಇದು ವಯಸ್ಸಿನಲ್ಲಿ ಇಂಗ್ಲೆಂಡಿನ ಹನ್ನೊಂದರ ಪರೀಕ್ಷೆಯೇ. ಉದ್ದೇಶ ಮಾತ್ರ ತಿರುವುಮುರುವು: ಇಲ್ಲಿ ಆಯ್ಕೆ ಇರುವುದು ಉಳ್ಳವರ ದಾರಿ ಕಾಯಲಿಕ್ಕಲ್ಲ, ಇಲ್ಲದವರಿಗೆ ದಾರಿ ತೆರೆಯಲಿಕ್ಕೆ. ಸಾಮರ್ಥ್ಯವಾದಿಗಳು ಕೇಳುವ ಏಣಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ಆದರೆ ಆಯ್ಕೆಯಾಗದೆ ಉಳಿದ ಮಗು ಮರಳುವ ಹಳ್ಳಿಯ ಶಾಲೆ ಹೇಗಿದೆ ಎಂಬುದನ್ನು ಏಣಿಯ ಗುಣಗಾನ ಮರೆಸಬಾರದು.

ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟುಗಳು ಬೇರೆಬೇರೆ ಮನೆಗಳ ಮಕ್ಕಳನ್ನು ಒಂದೇ ತರಗತಿಗೆ ತರಲು ಮಾಡಿದ ಯತ್ನ. ಅದು ನಿಲ್ಲುವುದು ಎಂಟನೇ ತರಗತಿಗೆ, ಅಂದರೆ ಸರಿಯಾಗಿ ಪ್ರೌಢಶಿಕ್ಷಣದ ಹೊಸ್ತಿಲಲ್ಲಿ. ಒಂಬತ್ತಕ್ಕೆ ಶುಲ್ಕ ಕಟ್ಟಬೇಕು, ಇಲ್ಲವೇ ಶಾಲೆ ಬಿಡಬೇಕು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲವೆಂದು ಕರ್ನಾಟಕ ನಿಯಮ ತಿದ್ದಿದ ಮೇಲೆ, 2019ರಿಂದ ಇಲ್ಲಿ ಈ ಅವಕಾಶವೇ ಕುಗ್ಗಿತು. ಒಂಬತ್ತರಿಂದ ಹನ್ನೆರಡರ ತನಕ ಒಂದೇ ಹಂತವಾಗಲಿ ಎಂದು 2020ರ ರಾಷ್ಟ್ರೀಯ ನೀತಿಯೂ, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಕೊಟ್ಟ ವರದಿಯೂ ಹೇಳುತ್ತವೆ. ಪರಸ್ಪರ ಎದುರಾಳಿಗಳ ಎರಡು ದಾಖಲೆಗಳು ಇಲ್ಲಿ ಒಂದಾಗಿವೆ. ಜಾರಿಯಾದರೆ ಪಿಯು ಕಾಲೇಜು ಮತ್ತು ಹೈಸ್ಕೂಲಿನ ಉಪನ್ಯಾಸಕರು, ಶಿಕ್ಷಕರು, ಅವರ ಎರಡು ವೃಂದಗಳು ಹೇಗೆ ಬೆರೆಯಬೇಕೆಂಬ ಪ್ರಶ್ನೆ ಏಳುತ್ತದೆ. ಸಂಸ್ಥೆಗಳ ಪಂಥದವರು ಮೊದಲು ನೋಡುವುದು ಅಲ್ಲಿಗೆ.

ಇತ್ಯರ್ಥವಾಗದ ಪ್ರಶ್ನೆಗಳು

ಇಷ್ಟರಿಂದ ತೀರ್ಮಾನವಾಗದೆ ಉಳಿದದ್ದು ಹಲವು. ತಡವಾಗಿ ಬೇರ್ಪಡಿಸಿದರೆ ಹಿಂದುಳಿದವರಿಗೆ ಲಾಭ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. ಮುಂದಿರುವವರಿಗೆ ಎಷ್ಟು ನಷ್ಟ, ನಷ್ಟವಿದೆಯೇ ಎಂಬುದರ ಬಗ್ಗೆ ಒಮ್ಮತವಿಲ್ಲ. ಫಿನ್ಲೆಂಡಿನ ಲಾಭದಲ್ಲಿ ಒಂದೇ ಶಾಲೆಯ ಪಾಲೆಷ್ಟು, ತರಬೇತಾದ ಶಿಕ್ಷಕರ ಪಾಲೆಷ್ಟು ಎಂದು ಬಿಡಿಸಿ ಹೇಳಿದವರಿಲ್ಲ. ಹೆತ್ತವರ ಆಯ್ಕೆಯ ಹಕ್ಕು ಮತ್ತು ಮಕ್ಕಳ ಸಮಾನತೆ ಒಂದೇ ಕಾನೂನಿನಲ್ಲಿ ಬಾಳಬಲ್ಲವೇ ಎಂಬುದನ್ನು ಸ್ವೀಡನ್ ಇನ್ನೂ ಹುಡುಕುತ್ತಿದೆ.

ನಮಗೆ ಎದುರಾಗುವ ಪ್ರಶ್ನೆ ಇನ್ನೂ ಕಠಿಣ. ಯುರೋಪಿನ ಸುಧಾರಣೆಗಳು ನಡೆದಾಗ ಮಧ್ಯಮವರ್ಗದ ಬಹುಪಾಲು ಮಕ್ಕಳು ಸರ್ಕಾರಿ ಶಾಲೆಯಲ್ಲೇ ಇದ್ದರು. ಆ ವರ್ಗಕ್ಕೆ ಕಳೆದುಕೊಳ್ಳುವುದೂ ಪಡೆಯುವುದೂ ಎರಡೂ ಇದ್ದದ್ದರಿಂದ ಚೌಕಾಸಿ ಸಾಧ್ಯವಾಯಿತು. ನಮ್ಮಲ್ಲಿ ಆ ವರ್ಗ ಸರ್ಕಾರಿ ಶಾಲೆ ಬಿಟ್ಟು ಒಂದು ತಲೆಮಾರೇ ಆಗಿದೆ. ಬಿಟ್ಟುಹೋದವರಿಲ್ಲದೆ ಸಮಾನ ಶಾಲೆ ಕಟ್ಟಿದ ಪ್ರಜಾಪ್ರಭುತ್ವ ದೇಶದ ಉದಾಹರಣೆ ಈ ಇತಿಹಾಸದಲ್ಲಿ ಸಿಗುವುದಿಲ್ಲ. ಗೆದ್ದ ಸುಧಾರಣೆಗಳಲ್ಲೆಲ್ಲ ಕಾಣುವ ಸಂಗತಿ ಒಂದೇ: ಬಡವರ ಜೊತೆ ಇನ್ನೊಂದು ವರ್ಗಕ್ಕೂ ಅದರಲ್ಲಿ ಸ್ವಂತ ಲಾಭ ಕಂಡಿತ್ತು. ಕರ್ನಾಟಕದಲ್ಲಿ ಆ ಇನ್ನೊಂದು ವರ್ಗ ಯಾವುದು ಎಂದು ಹೇಳದ ಯಾವ ಶಿಕ್ಷಣ ನೀತಿಯೂ ವರದಿಯ ಹಂತ ದಾಟುವುದಿಲ್ಲ.